ಎರಡು ಕಿವಿಯ ಟೊಪ್ಪಿಗೆ

ಯಾವ ದೇಶದಲ್ಲೇ ದಂಗೆ ಎದ್ದರೂ ಆಳುವವರ ಬಾಯಿಂದ ಮೊದಲು ಬರುವ ಮಾತು ‘ಇದರಲ್ಲಿ ವಿದೇಶಿ ಕೈವಾಡವಿದೆ’ ಎಂಬುದು. ಎಷ್ಟೋ ಸಲ ಆ ಮಾತು ನಿಜವೂ ಆಗಿರುತ್ತದೆ. ಆದರೆ ಹೊರಗಿನವನು ಕೈ ಚಾಚುವಷ್ಟು ಬಾಗಿಲು ತೆರೆದದ್ದು ಹೇಗೆ ಎಂದು ಕೇಳುವವರು ಕಡಿಮೆ. ಈ ಪ್ರಶ್ನೆ ನನ್ನನ್ನು ಹಿಡಿದದ್ದು ಎರಡನೆಯ ಮಹಾಯುದ್ಧದ ಕಾಲದ ಇರಾನಿನ ಚರಿತ್ರೆ ಓದುವಾಗ.

ಶಾಲೆಯಲ್ಲಿ ಆ ಯುದ್ಧದ ಪಾಠ ಮಾಡುವ ನಮಗೆ ಪೋಲೆಂಡ್, ಪರ್ಲ್ ಹಾರ್ಬರ್, ಸ್ಟಾಲಿನ್‌ಗ್ರಾಡ್, ಹಿರೋಷಿಮಾ ಎನ್ನುವಷ್ಟರಲ್ಲಿ ಪೀರಿಯಡ್ಡು ಮುಗಿದಿರುತ್ತದೆ. ಇರಾನಿನ ಹೆಸರು ಬರುವುದೇ ಇಲ್ಲ. ಹಾಗೆ ನೋಡಿದರೆ ಆ ದೇಶ ನಮಗೆ ಅಷ್ಟು ದೂರದ್ದಲ್ಲ. 1941ರ ಆಗಸ್ಟ್ 25ರಂದು ಬ್ರಿಟಿಷರು ದಕ್ಷಿಣ ಮತ್ತು ಪಶ್ಚಿಮದಿಂದ, ರಷ್ಯನ್ನರು ಉತ್ತರದಿಂದ ಇರಾನಿನೊಳಕ್ಕೆ ನುಗ್ಗಿದಾಗ, ಬ್ರಿಟಿಷರ ಪರವಾಗಿ ಮುಂದೆ ನಡೆದದ್ದು ಭಾರತೀಯ ಸೇನೆಯ ಎಂಟನೆಯ ಮತ್ತು ಹತ್ತನೆಯ ಡಿವಿಷನ್‌ಗಳು. ತಾವೇ ಪರರ ಆಳ್ವಿಕೆಯಲ್ಲಿದ್ದವರು ಇನ್ನೊಂದು ದೇಶವನ್ನು ಪರರ ವಶಕ್ಕೆ ತಂದುಕೊಡಲು ಹೋಗಿದ್ದರು.

ಇರಾನ್ ಆ ಯುದ್ಧದಲ್ಲಿ ತಟಸ್ಥ ದೇಶ. ಆದರೆ ಅಲ್ಲಿ ಎಣ್ಣೆಯಿತ್ತು. ಪರ್ಷಿಯಾ ಕೊಲ್ಲಿಯಿಂದ ಕ್ಯಾಸ್ಪಿಯನ್ ಸಮುದ್ರದವರೆಗೆ ಸುಮಾರು 1,400 ಕಿಲೋಮೀಟರ್ ಉದ್ದದ ಹೊಸ ರೈಲುದಾರಿಯಿತ್ತು. ಹಿಟ್ಲರನ ದಾಳಿಗೆ ಸಿಕ್ಕಿದ್ದ ರಷ್ಯಕ್ಕೆ ಯುದ್ಧಸಾಮಗ್ರಿ ಸಾಗಿಸಲು ಆ ದಾರಿ ಬೇಕಾಗಿತ್ತು. ಅಲ್ಲಿದ್ದ ಜರ್ಮನರನ್ನು ಹೊರಹಾಕಬೇಕೆಂಬುದು ಮುಂದಿಟ್ಟ ಕಾರಣ. ರೆಜಾ ಷಾನ ಸೈನ್ಯ ಕೆಲವೇ ದಿನಗಳಲ್ಲಿ ಚದುರಿಹೋಯಿತು. ಸೆಪ್ಟೆಂಬರ್ 16ರಂದು ಅವನು ಮಗನಿಗೆ ಸಿಂಹಾಸನ ಬಿಟ್ಟುಕೊಟ್ಟು ದೇಶ ಬಿಟ್ಟ. 1944ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ತೀರಿಕೊಂಡ.

ಆ ದೊರೆ ಹೋದನೆಂದು ಕಣ್ಣೀರು ಹಾಕದಿದ್ದವರಲ್ಲಿ ಅಲೆಮಾರಿ ಬುಡಕಟ್ಟಿನವರು ಮೊದಲಿಗರು. ಅವರಲ್ಲಿ ದೊಡ್ಡ ಒಕ್ಕೂಟ ದಕ್ಷಿಣದ ಫಾರ್ಸ್ ಪ್ರಾಂತದ ಕಷ್ಕಾಯಿಗಳದು. ತುರ್ಕಿ ಬಗೆಯ ನುಡಿಯಾಡುವ ಈ ಜನ ಚಳಿಗಾಲವನ್ನು ಕೊಲ್ಲಿಯ ಕಡೆಯ ಬೆಚ್ಚನೆಯ ತಗ್ಗಿನಲ್ಲಿ, ಬೇಸಿಗೆಯನ್ನು ಜಾಗ್ರೋಸ್ ಬೆಟ್ಟಗಳ ತಂಪಿನಲ್ಲಿ ಕಳೆಯುತ್ತಿದ್ದರು. ವರ್ಷಕ್ಕೆ ಎರಡು ಸಲ ಕುರಿ, ಮೇಕೆ, ಒಂಟೆ, ಕಪ್ಪು ಗುಡಾರಗಳೊಂದಿಗೆ ನೂರಾರು ಕಿಲೋಮೀಟರ್ ನಡೆಯುವುದೇ ಅವರ ಬಾಳು. ಇದು ರೆಜಾ ಷಾನ ಕಣ್ಣಿಗೆ ಹಿಂದುಳಿದಿರುವಿಕೆಯ ಗುರುತಾಗಿ ಕಂಡಿತು. ಗಂಡಸರೆಲ್ಲ ಒಂದೇ ಬಗೆಯ ಉಡುಪು, ಒಂದೇ ಬಗೆಯ ಟೊಪ್ಪಿಗೆ ತೊಡಬೇಕೆಂದು 1928ರಲ್ಲಿ ಕಾನೂನು ಮಾಡಿದ. ಮುಂದಿನ ದಶಕದಲ್ಲಿ ವಲಸೆಯ ದಾರಿಗಳಿಗೆ ಸೈನಿಕರನ್ನು ಅಡ್ಡ ನಿಲ್ಲಿಸಿ, ಇದ್ದಲ್ಲೇ ಮನೆ ಕಟ್ಟಿಕೊಂಡು ಬೇಸಾಯ ಮಾಡಿ ಎಂದ. ಮೇವಿಲ್ಲದ ಕಡೆ ನಿಂತ ಮಂದೆಗಳು ಸತ್ತವು. ಕಷ್ಕಾಯಿಗಳ ನಾಯಕ ಇಸ್ಮಾಯಿಲ್ ಖಾನ್ ಟೆಹರಾನಿನ ಸೆರೆಯಲ್ಲಿ 1933ರಲ್ಲಿ ಸತ್ತ. ದೊರೆಯೇ ಕೊಲ್ಲಿಸಿದನೆಂದು ಅವನ ಜನ ನಂಬಿದರು.

1941ರಲ್ಲಿ ಷಾನ ಆಳ್ವಿಕೆ ಕುಸಿದ ಕೂಡಲೇ ಇಸ್ಮಾಯಿಲ್ ಖಾನನ ಹಿರಿಯ ಮಗ ನಾಸಿರ್ ಖಾನ್ ರಾಜಧಾನಿಯಿಂದ ತಪ್ಪಿಸಿಕೊಂಡು ಊರು ಸೇರಿದ. ಬಲವಂತವಾಗಿ ನೆಲೆನಿಂತವರು ಮನೆಗಳನ್ನು ಬಿಟ್ಟು ಮತ್ತೆ ಗುಡಾರ ಹೂಡಿದರು. ಓಡಿಹೋದ ಸೈನಿಕರ ಬಂದೂಕುಗಳು ಬುಡಕಟ್ಟಿನವರ ಕೈಗೆ ಬಂದವು. ನಾಸಿರ್ ಖಾನ್ ಎರಡು ಪಕ್ಕದಲ್ಲೂ ಕಿವಿಯಂತೆ ಎದ್ದು ನಿಲ್ಲುವ ಉಣ್ಣೆಯ ಟೊಪ್ಪಿಗೆಯೊಂದನ್ನು ಬಳಕೆಗೆ ತಂದ. ಷಾ ತೊಡಿಸಿದ್ದ ಟೊಪ್ಪಿಗೆಯನ್ನು ಕಳಚಿ ಎಸೆದು, ನಾವು ನಾವೇ ಎಂದು ಹೇಳುವ ಗುರುತು ಅದು. ಇಂದಿಗೂ ಕಷ್ಕಾಯಿ ಎಂದರೆ ನೆನಪಾಗುವುದು ಆ ಟೊಪ್ಪಿಗೆಯೇ. ಇದರಲ್ಲಿ ಯಾವ ವಿದೇಶಿ ಕೈವಾಡವಿತ್ತು, ಹೇಳಿ!

ಕೈವಾಡ ಬಂದದ್ದು ಆಮೇಲೆ. ಶುಲ್ಟ್ಸ್-ಹೋಲ್ಟುಸ್ ಎಂಬ ಜರ್ಮನ್ ಗೂಢಚಾರ ಅಧಿಕಾರಿ 1942ರಲ್ಲಿ ಕಷ್ಕಾಯಿಗಳ ನಡುವೆ ಬಂದು ನಾಸಿರ್ ಖಾನನ ಸೈನಿಕ ಸಲಹೆಗಾರನಾದ. ಆಗ ಜರ್ಮನ್ ಪಡೆಗಳು ಕಾಕಸಸ್ ಬೆಟ್ಟಗಳವರೆಗೆ ಬಂದಿದ್ದವು. ಇನ್ನು ಸ್ವಲ್ಪ ದಿನದಲ್ಲಿ ಇರಾನಿಗೂ ಇಳಿದಾವು ಎಂಬ ನಿರೀಕ್ಷೆಯಿತ್ತು. ನಾಸಿರನ ತಂದೆ 1918ರಲ್ಲಿ ಬ್ರಿಟಿಷರ ವಿರುದ್ಧವೇ ಕಾದಾಡಿದ್ದವನು. ಮಗನ ಲೆಕ್ಕಾಚಾರದಲ್ಲಿ ಹಿಟ್ಲರನ ಮೇಲಿನ ಪ್ರೀತಿಗಿಂತ ಬ್ರಿಟಿಷರ ಮೇಲಿನ ಹಳೆಯ ಹಗೆಯೇ ಹೆಚ್ಚು.

ಇತ್ತ ಪಟ್ಟಣಗಳಲ್ಲಿ ಬೆಲೆ ಏರಿ ರೊಟ್ಟಿಗೂ ಬರ ಬಂದಿತ್ತು. 1942ರ ಡಿಸೆಂಬರಿನಲ್ಲಿ ಟೆಹರಾನಿನ ಜನ ರೊಟ್ಟಿಗಾಗಿ ಬೀದಿಗಿಳಿದರು. ಅದೇ ತಿಂಗಳು ಬ್ರಿಟಿಷರು ಇಸ್ಫಹಾನಿನಲ್ಲಿದ್ದ ಇರಾನಿ ಜನರಲ್ ಜಾಹೆದಿಯನ್ನು, ಜರ್ಮನರೊಡನೆ ಒಳಸಂಚು ಮಾಡಿದನೆಂದು ಹಿಡಿದು ಪ್ಯಾಲೆಸ್ಟೈನಿಗೆ ಸಾಗಿಸಿದರು. 1943ರ ಜುಲೈ ಮೊದಲಲ್ಲಿ ಕಷ್ಕಾಯಿಗಳೂ ಅವರ ನೆರೆಯ ಬೋಯರ್ ಅಹ್ಮದಿಗಳೂ ಸೇರಿ ಸೆಮಿರೋಮ್ ಎಂಬಲ್ಲಿದ್ದ ಸರ್ಕಾರಿ ಸೇನಾ ಠಾಣ್ಯದ ಮೇಲೆ ಬಿದ್ದರು. ಠಾಣ್ಯ ನಾಶವಾಯಿತು. ಅದರ ಕರ್ನಲ್ ಕೂಡ ಹತನಾದ. ಸತ್ತ ಸಿಪಾಯಿಗಳೂ ಇರಾನಿಗಳೇ, ಕೊಂದವರೂ ಇರಾನಿಗಳೇ.

ಆದರೆ ಗಾಳಿ ಆಗಲೇ ತಿರುಗಿತ್ತು. ಸ್ಟಾಲಿನ್‌ಗ್ರಾಡಿನಲ್ಲಿ ಜರ್ಮನರು ಸೋತಿದ್ದರು. ಅದೇ ಜುಲೈನಲ್ಲಿ ಆಕಾಶದಿಂದ ನಾಸಿರ್ ಖಾನನ ನೆಲಕ್ಕೆ ಇಳಿದದ್ದು ಅವನು ಕಾಯುತ್ತಿದ್ದ ಸೈನ್ಯವಲ್ಲ, ಬೆರಳೆಣಿಕೆಯ ಪ್ಯಾರಾಚೂಟ್ ಭಟರು. ಅಷ್ಟಕ್ಕೆ ಅವನು ಎಲ್ಲವನ್ನೂ ಅರಿತುಕೊಂಡ. ಸರ್ಕಾರ ಅವನೊಡನೆ ರಾಜಿಗೆ ಬಂದಿತು. ಜರ್ಮನಿಯಲ್ಲಿದ್ದ ಅವನ ಇಬ್ಬರು ತಮ್ಮಂದಿರು ಊರಿಗೆ ಮರಳುವಾಗ ಬ್ರಿಟಿಷರಿಗೆ ಸೆರೆಸಿಕ್ಕರು. 1944ರಲ್ಲಿ ನಾಸಿರ್ ಖಾನ್ ತನ್ನಲ್ಲಿದ್ದ ಜರ್ಮನರನ್ನು ಒಪ್ಪಿಸಿ ತಮ್ಮಂದಿರನ್ನು ಬಿಡಿಸಿಕೊಂಡ. ಅತಿಥಿಯನ್ನು ಒಪ್ಪಿಸಿಕೊಡುವುದು ಆ ಜನರ ಕಟ್ಟಳೆಯಲ್ಲಿ ಸಣ್ಣ ಮಾತಲ್ಲ. ಆದರೂ ಒಡಹುಟ್ಟಿದವರು ದೊಡ್ಡವರಾದರು.

ಉತ್ತರದಲ್ಲಿ, ರಷ್ಯನ್ನರ ನೆರಳಿನಲ್ಲಿ, ಇನ್ನೊಂದು ಕಥೆ ನಡೆಯಿತು. ಮಹಾಬಾದ್ ಎಂಬ ಕುರ್ದಿ ಊರಿನಲ್ಲಿ 1946ರ ಜನವರಿ 22ರಂದು ಖಾಜಿ ಮುಹಮ್ಮದ್ ಎಂಬ ನ್ಯಾಯಾಧೀಶ ಒಂದು ಪುಟ್ಟ ಗಣರಾಜ್ಯವನ್ನು ಸಾರಿದ. ರಷ್ಯನ್ನರು ಮುದ್ರಣಯಂತ್ರ ಕೊಟ್ಟರು. ಕುರ್ದಿ ಭಾಷೆಯಲ್ಲಿ ಪತ್ರಿಕೆ ಬಂದಿತು, ಮಕ್ಕಳಿಗೆ ಪುಸ್ತಕ ಬಂದಿತು. ಮೇ ತಿಂಗಳ ಹೊತ್ತಿಗೆ ರಷ್ಯನ್ನರು, ಇರಾನಿನ ಎಣ್ಣೆ ಕೊಡಿಸುವ ಮಾತು ಪಡೆದು, ಸೇನೆಯನ್ನು ಹಿಂದೆಗೆದುಕೊಂಡರು. ಡಿಸೆಂಬರಿನಲ್ಲಿ ಇರಾನಿನ ಸೇನೆ ಬಂದಾಗ ರಕ್ತಪಾತ ಬೇಡವೆಂದು ಖಾಜಿ ಊರನ್ನು ಒಪ್ಪಿಸಿದ. 1947ರ ಮಾರ್ಚ್ 31ರಂದು ಅವನನ್ನು ಊರ ಚೌಕದಲ್ಲೇ ಗಲ್ಲಿಗೇರಿಸಿದರು. ರಷ್ಯನ್ನರಿಗೆ ಎಣ್ಣೆಯೂ ದಕ್ಕಲಿಲ್ಲ; ಆ ವರ್ಷವೇ ಇರಾನಿನ ಸಂಸತ್ತು ಒಪ್ಪಂದವನ್ನು ತಳ್ಳಿಹಾಕಿತು. ತಾಯ್ನುಡಿಯ ಪುಸ್ತಕ ಒಂದು ವರ್ಷವೂ ಕೈಯಲ್ಲಿ ಉಳಿಯದ ಆ ಮಕ್ಕಳನ್ನು ನೆನೆದಾಗ, ಟೀಚರಾದ ನನಗೆ ಎಣ್ಣೆಯ ಲೆಕ್ಕಕ್ಕಿಂತ ಅದೇ ಹೆಚ್ಚು ನೋವು.

ಕೋಣಗಳು ಕಾದಾಡಿದರೆ ಗಿಡಕ್ಕೆ ಸಾವು ಎನ್ನುತ್ತಾರೆ. ಆದರೆ ಈ ಬುಡಕಟ್ಟುಗಳು ಸುಮ್ಮನೆ ತುಳಿಸಿಕೊಂಡ ಗಿಡಗಳಲ್ಲ. ಅವರಿಗೂ ಲೆಕ್ಕಾಚಾರವಿತ್ತು. ಹೊರಗಿನವನನ್ನು ತಾವು ಬಳಸಿಕೊಳ್ಳುತ್ತಿದ್ದೇವೆಂದು ಅವರು ಎಣಿಸಿದ್ದರು. ಅವರನ್ನು ತಾವು ಬಳಸಿಕೊಳ್ಳುತ್ತಿದ್ದೇವೆಂದು ಹೊರಗಿನವರು. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಹಡಗು ಹತ್ತಿ ಮನೆಗೆ ಹೋಗುವ ಅನುಕೂಲವಿತ್ತು.

ತರಗತಿಯಲ್ಲಿ ಈ ಕಥೆ ಹೇಳಿದರೆ ಮಕ್ಕಳು ಕೇಳುವ ಪ್ರಶ್ನೆ ಒಂದೇ: ‘ಹಾಗಾದರೆ ನಾಸಿರ್ ಖಾನ್ ದೇಶದ್ರೋಹಿಯೇ ಟೀಚರ್?’ ಅದೇ ದಿನಗಳಲ್ಲಿ ನಮ್ಮ ಸುಭಾಷ್‌ಚಂದ್ರ ಬೋಸರೂ ಬರ್ಲಿನ್ನಿನಲ್ಲಿದ್ದರು ಎಂದು ನಾನು ನೆನಪಿಸುತ್ತೇನೆ. ಇಬ್ಬರೂ ಒಂದೇ ಎಂದಲ್ಲ. ಒಂದು ಪದದ ಹಣೆಪಟ್ಟಿ ಅಂಟಿಸುವ ಮೊದಲು ಎರಡು ಸಲ ಯೋಚಿಸಲಿ ಎಂದು. 1942ರಲ್ಲಿ ಬ್ರಿಟಿಷರು ಸೆರೆಹಿಡಿದ ಜನರಲ್ ಜಾಹೆದಿ, 1953ರಲ್ಲಿ ಅದೇ ಬ್ರಿಟಿಷರ ಮತ್ತು ಅಮೆರಿಕದ ನೆರವಿನ ಕ್ಷಿಪ್ರಕ್ರಾಂತಿಯಿಂದ ಇರಾನಿನ ಪ್ರಧಾನಿಯಾದ. ಜರ್ಮನರ ಕೈಗೊಂಬೆ ಎನಿಸಿಕೊಂಡಿದ್ದ ಕಷ್ಕಾಯಿ ಸೋದರರು, ಆ ಕ್ರಾಂತಿ ಉರುಳಿಸಿದ ಮೊಸಾದೆಗ್ ಅವರ ಪರ ನಿಂತು ದೇಶಭ್ರಷ್ಟರಾದರು. ಹಣೆಪಟ್ಟಿ ಬರೆಯುವವರ ಶಾಯಿ ಎಷ್ಟು ಬೇಗ ಬಣ್ಣ ಬದಲಿಸುತ್ತದೆ ನೋಡಿ!

ಈ ಚರಿತ್ರೆಯಲ್ಲಿ ನನಗೆ ಸಮಾಧಾನ ಕೊಡುವ ಒಂದು ಹೆಸರಿದೆ: ಮೊಹಮ್ಮದ್ ಬಹ್ಮನ್‌ಬೇಗಿ. ರೆಜಾ ಷಾನ ಕಾಲದಲ್ಲಿ ಅವನ ತಂದೆಯನ್ನು ಟೆಹರಾನಿಗೆ ಗಡೀಪಾರು ಮಾಡಿದ್ದರು. ಹಾಗಾಗಿ ಈ ಕಷ್ಕಾಯಿ ಹುಡುಗನಿಗೆ ನಗರದ ಓದು ಸಿಕ್ಕಿತು. 1950ರ ದಶಕದಲ್ಲಿ ಅವನು ತನ್ನ ಜನರಿಗಾಗಿ ಗುಡಾರದ ಶಾಲೆಗಳನ್ನು ತೆರೆಯತೊಡಗಿದ. ವಲಸೆ ಹೊರಟರೆ ಶಾಲೆಯೂ ಹೊರಡುತ್ತಿತ್ತು. ಕಪ್ಪು ಗುಡಾರಗಳ ನಡುವಿನ ಬಿಳಿಯ ಗುಡಾರವೇ ಶಾಲೆ. ಅದರಲ್ಲಿ ಬುಡಕಟ್ಟಿನ ಹೆಣ್ಣುಮಕ್ಕಳೂ ಟೀಚರಾದರು. ಆ ಕೆಲಸಕ್ಕೆ ಮೊದಲ ದಿನಗಳಲ್ಲಿ ಅಮೆರಿಕದ ನೆರವೂ ಇತ್ತು. ಅದೂ ವಿದೇಶಿ ಕೈಯೇ ಅಲ್ಲವೇ! ಪಾಠ ನಡೆಯುತ್ತಿದ್ದುದು ಫಾರ್ಸಿಯಲ್ಲಿ, ಮಕ್ಕಳ ಮನೆಮಾತಿನಲ್ಲಲ್ಲ. ಆ ಕೊರತೆಯನ್ನೂ ಹೇಳಬೇಕು. ಆದರೂ ರೆಜಾ ಷಾ ಆ ಜನರಿಗೆ ‘ನಿಲ್ಲಿ, ಆಮೇಲೆ ನಿಮ್ಮನ್ನು ಮನುಷ್ಯರನ್ನಾಗಿ ಮಾಡುತ್ತೇನೆ’ ಎಂದಂತಿತ್ತು. ಬಹ್ಮನ್‌ಬೇಗಿ ‘ನೀವು ನಡೆಯಿರಿ, ನಾನೂ ನಿಮ್ಮ ಜೊತೆ ಬರುತ್ತೇನೆ’ ಎಂದ. ಒಂದು ಸರ್ಕಾರ ತನ್ನ ಜನರಿಗೆ ಮೊದಲೇ ಈ ಮಾತು ಹೇಳಿದ್ದರೆ, ಹೊರಗಿನವನು ಚಾಚಿದ ಕೈಯನ್ನು ಅವರು ಹಿಡಿಯಬೇಕಾಗುತ್ತಿತ್ತೇ?