ೞಕಾರದ ಹೆಸರು ಮತ್ತು ಮನೆ

ಹಳಗನ್ನಡದಲ್ಲಿ ‘ಬಾೞ್’ ಎಂದರೆ ಜೀವಿಸು. ‘ಬಾಳ್’ ಎಂದರೆ ಖಡ್ಗ. ನುಡಿಯಲ್ಲಿ ಈ ಭೇದವು ಅಳಿಯುತ್ತಿದ್ದ ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕೊಟ್ಟನು. ಬಾಯಿಂದ ಮರೆಯಾದ ಅಕ್ಷರವು ಬರಹದಲ್ಲಿ ತನ್ನ ಸ್ಥಾನವನ್ನು ಉಳಿಸಿಕೊಳ್ಳಲು ಆ ಪಟ್ಟಿಯು ಆಧಾರವಾಯಿತು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಅದೇ ಅಕ್ಷರವು ಮತ್ತೊಂದು ಪಟ್ಟಿಗೆ ಸೇರಬೇಕಾಯಿತು. ಅದು ಗಣಕಯಂತ್ರಗಳ ಪಟ್ಟಿ.

ಗಣಕವು ಅಕ್ಷರವನ್ನು ಆಕಾರದಿಂದಲ್ಲ, ಸಂಖ್ಯೆಯಿಂದ ಗುರುತಿಸುತ್ತದೆ. ಸಂಖ್ಯೆಗಳ ವಿಷಯದಲ್ಲಿ ಸರ್ವಸಮ್ಮತವಾದ ಕಟ್ಟಳೆಯಿಲ್ಲದಿದ್ದರೆ ಒಂದು ಯಂತ್ರದಲ್ಲಿ ಬರೆದ ಲೇಖನವು ಇನ್ನೊಂದರಲ್ಲಿ ಅರ್ಥಹೀನ ಚಿಹ್ನೆಗಳ ಸಾಲಾಗುತ್ತದೆ. ಭಾರತೀಯ ಮಾನಕ ಬ್ಯೂರೋ ೧೯೯೧ರಲ್ಲಿ ಅಂಗೀಕರಿಸಿದ ‘ಇಸ್ಕಿ’ ಸಂಕೇತವು ಬ್ರಾಹ್ಮೀಮೂಲದ ಲಿಪಿಗಳ ವರ್ಣಮಾಲೆ ಬಹುಮಟ್ಟಿಗೆ ಒಂದೇ ಎಂಬ ತತ್ತ್ವವನ್ನು ಅವಲಂಬಿಸಿತ್ತು. ಅದರಲ್ಲಿ ಎಲ್ಲ ಲಿಪಿಗಳ ಕಕಾರಕ್ಕೂ ಒಂದೇ ಸಂಖ್ಯೆ. ಅದೇ ವರ್ಷ ಮೊದಲು ಪ್ರಕಟವಾದ ಯೂನಿಕೋಡ್ ಪ್ರತಿಯೊಂದು ಲಿಪಿಗೂ ೧೨೮ ಮನೆಗಳ ಪ್ರತ್ಯೇಕ ಕೋಷ್ಟಕವನ್ನು ಕೊಟ್ಟಿತಾದರೂ, ಮನೆಗಳ ಕ್ರಮವನ್ನು ಇಸ್ಕಿಯ ೧೯೮೮ರ ರೂಪದಿಂದಲೇ ತೆಗೆದುಕೊಂಡಿತು. ಕನ್ನಡಕ್ಕೆ ದೊರೆತುದು ೩೨೦೦ರಿಂದ ೩೩೨೭ರವರೆಗಿನ ಸಂಖ್ಯೆಗಳು.

ಈ ಕ್ರಮದಂತೆ ತಮಿಳು ಮತ್ತು ಮಲಯಾಳಗಳ ೞಕಾರವು ಆಯಾ ಕೋಷ್ಟಕದ ಆರಂಭಸಂಖ್ಯೆಗೆ ೫೨ನ್ನು ಕೂಡಿಸಿದ ಮನೆಯಲ್ಲಿದೆ. ೨೦೧೪ರಲ್ಲಿ ಸೇರಿದ ತೆಲುಗು ೞಕಾರಕ್ಕೂ ಅದೇ ಮನೆ ಸಂದಿತು. ಕನ್ನಡದಲ್ಲಿ ಮಾತ್ರ ಅದಕ್ಕೆ ಸಲ್ಲಬೇಕಾದ ೩೨೫೨ನೆಯ ಮನೆ ಬರಿದಾಗಿದೆ. ಅಕ್ಷರವಿರುವುದು ದೂರದ ೩೨೯೪ರಲ್ಲಿ. ಅಲ್ಲಿ ಅದಕ್ಕಿಟ್ಟ ಹೆಸರಾದರೋ ಇಂಗ್ಲಿಷಿನ ಎಫ್ ಧ್ವನಿಯ ‘ಫ಼’! ಆ ಧ್ವನಿಯನ್ನು ಕನ್ನಡಿಗರು ಫಕಾರದ ಕೆಳಗೆ ಚುಕ್ಕೆಗಳನ್ನಿಟ್ಟು ಬರೆಯುವರಲ್ಲದೆ ಅದಕ್ಕಾಗಿ ೞಕಾರವನ್ನು ಬಳಸುವವರಲ್ಲ.

ತಪ್ಪು ತಿಳಿದ ಮೇಲೂ ಅದನ್ನು ಅಳಿಸುವಂತಿರಲಿಲ್ಲ. ಒಮ್ಮೆ ಕೊಟ್ಟ ಸಂಖ್ಯೆಯನ್ನಾಗಲಿ ಹೆಸರನ್ನಾಗಲಿ ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ. ಇಂದು ಬರೆದುದು ಮುಂದೆಯೂ ಓದಲು ದೊರೆಯಬೇಕಾದರೆ ಇಂತಹ ನಿಯಮ ಅನಿವಾರ್ಯ. ಆದುದರಿಂದ ತಪ್ಪು ಹೆಸರನ್ನು ಹಾಗೆಯೇ ಬಿಟ್ಟು, ಸರಿಯಾದ ಹೆಸರನ್ನು ಅಧಿಕೃತ ಪರ್ಯಾಯವಾಗಿ ಪಕ್ಕದಲ್ಲಿ ನಮೂದಿಸಲಾಗಿದೆ. ಬರಿಯ ಸಂಖ್ಯೆಯನ್ನು ನಂಬಿ ಅಕಾರಾದಿಯನ್ನು ಜೋಡಿಸಿದರೆ ೞಕಾರವು ಹಕಾರದ ಆಚೆಗೆ ಹೋಗಿ ಬೀಳುವುದು. ಇದನ್ನು ಸರಿಪಡಿಸಲು ವಿಂಗಡಣೆಯ ಪ್ರತ್ಯೇಕ ಕೋಷ್ಟಕವಿದೆ.

ಕಟ್ಟಳೆಯ ಬಲವೂ ತೊಡಕೂ ಅದರ ಸ್ಥಿರತೆಯಲ್ಲಿಯೇ ಇವೆ. ಕೋಷ್ಟಕವು ಸಿದ್ಧವಾಗುವಾಗ ಭಾಷಾಜ್ಞರ ಕಣ್ಣಿಗೆ ಬೀಳದ ದೋಷವು ಆಮೇಲೆ ತಿದ್ದುಪಡಿಗೆ ಸಿಕ್ಕುವುದಿಲ್ಲ. ಟಿಪ್ಪಣಿಗೆ ಮಾತ್ರ ಸಿಕ್ಕುತ್ತದೆ. ಆದರೆ ಹೆಸರು ತಪ್ಪಿದರೂ ಅಕ್ಷರ ಉಳಿದಿದೆ ಎಂಬುದು ಸಣ್ಣ ಲಾಭವಲ್ಲ. ಪ್ರಾಚೀನ ಗ್ರಂಥಗಳನ್ನು ಗಣಕಕ್ಕೆ ಏರಿಸುವವರು ಆ ಮನೆಯನ್ನು ಬಳಸಬೇಕು. ಅನುಕೂಲಕ್ಕೆಂದು ಎಲ್ಲೆಡೆಯೂ ಳಕಾರವನ್ನೇ ಬರೆದರೆ, ಕೇಶಿರಾಜನು ಬೇರ್ಪಡಿಸಿ ತೋರಿಸಿದ ಬದುಕೂ ಖಡ್ಗವೂ ಮತ್ತೆ ಒಂದೇ ಆದಾವು.