ದರ ತಿಳಿಯುವ ಹಕ್ಕು: ಬ್ಯಾಡಗಿ ಪೇಟೆಯಿಂದ ಜಾಲತಾಣದ ವಿನ್ಯಾಸದವರೆಗೆ

ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಪಟ್ಟಣಗಳ ಆರ್ಥಿಕ ಬದುಕು ಬಹುಕಾಲದಿಂದ ಹತ್ತಿ, ಗೋವಿನಜೋಳ ಮತ್ತು ಒಣಮೆಣಸಿನಕಾಯಿಯ ವಹಿವಾಟಿನ ಮೇಲೆ ನಿಂತಿದ್ದು, ಈ ಪೇಟೆಗಳಿಗೆ ಬರುವ ರೈತನಿಗೆ ಅತ್ಯಗತ್ಯವಾದ ಮಾಹಿತಿ ಎಂದರೆ ತನ್ನ ಮಾಲಿನ ದರ. ಆ ದರವನ್ನು ಯಾರು, ಯಾವಾಗ, ಯಾವ ರೂಪದಲ್ಲಿ ತಿಳಿಸಬೇಕು ಎಂಬುದನ್ನು ಪ್ರತಿ ಕಾಲವೂ ತನ್ನ ರೀತಿಯಲ್ಲಿ ನಿರ್ಧರಿಸಿದೆ. ಬಳಕೆದಾರಸ್ನೇಹಿ ವಿನ್ಯಾಸ, ಅಂದರೆ ಮೊದಲ ಬಾರಿಗೆ ಬಂದವನೂ ಇನ್ನೊಬ್ಬರ ನೆರವಿಲ್ಲದೆ ತನಗೆ ಬೇಕಾದುದನ್ನು ಕಂಡುಕೊಳ್ಳುವಂತೆ ಮಾಹಿತಿಯನ್ನು ಜೋಡಿಸುವ ಕ್ರಮ, ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. ಜಾಲತಾಣ ರೂಪಿಸಲು ಹೊರಟ ಹೊಸಬರಿಗೆ ಈ ಪೇಟೆಗಳ ಇತಿಹಾಸದಲ್ಲಿ ಅದರ ಮೂಲಪಾಠಗಳೆಲ್ಲ ದೊರೆಯುತ್ತವೆ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ದೇಶದ ಅನೇಕ ಪೇಟೆಗಳಲ್ಲಿ ದಲಾಲನೂ ಖರೀದಿದಾರನೂ ಬಟ್ಟೆಯ ಮರೆಯಲ್ಲಿ ಪರಸ್ಪರ ಬೆರಳು ಹಿಡಿದು ದರ ಗೊತ್ತುಪಡಿಸುತ್ತಿದ್ದರು. ಮಾಲಿನ ಒಡೆಯನಾದ ರೈತ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಆ ಲೆಕ್ಕ ಕಾಣುತ್ತಿರಲಿಲ್ಲ. ಕೃಷಿಯ ಬಗ್ಗೆ ನೇಮಕಗೊಂಡ ರಾಯಲ್ ಆಯೋಗವು 1928ರ ವರದಿಯಲ್ಲಿ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಶಿಫಾರಸು ಮಾಡಿತು. ಆಗ ಧಾರವಾಡ ಜಿಲ್ಲೆಯ ಭಾಗವಾಗಿದ್ದ ಈ ಪ್ರದೇಶ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1939ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆಗಳ ಕಾಯ್ದೆ ಬಂದಿತು, ಏಕೀಕರಣದ ನಂತರ 1966ರಲ್ಲಿ ರಾಜ್ಯವು ತನ್ನದೇ ಕಾಯ್ದೆಯನ್ನು ರಚಿಸಿತು. ಬಹಿರಂಗ ಹರಾಜು ಮತ್ತು ಟೆಂಡರ್ ಚೀಟಿಯ ಪದ್ಧತಿಗಳು ಈ ಕಾನೂನುಗಳ ನೆರಳಿನಲ್ಲಿ ಬೇರೂರಿದವು. ಟೆಂಡರ್ ಪದ್ಧತಿಯಲ್ಲಿ ವರ್ತಕರು ಪ್ರತಿ ಲಾಟಿಗೆ, ಅಂದರೆ ಒಬ್ಬ ರೈತನ ಒಂದೇ ಬಗೆಯ ಮಾಲಿನ ರಾಶಿಗೆ, ತಾವು ಕೊಡುವ ದರವನ್ನು ಚೀಟಿಯಲ್ಲಿ ಬರೆದು ಹಾಕುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಿನ ದರ ಬರೆದವನಿಗೆ ಮಾಲು ಸೇರುತ್ತಿತ್ತು. ಮರೆಯಲ್ಲಿದ್ದ ದರ ಹೀಗೆ ಕಾಗದಕ್ಕೆ ಬಂದಿತಾದರೂ, ನೂರಾರು ದಲಾಲಿ ಅಂಗಡಿಗಳ ಸಾವಿರಾರು ಚೀಟಿಗಳನ್ನು ಕೈಯಿಂದ ಹೋಲಿಸುವಾಗ ತಪ್ಪಿಗೂ ತಡಕ್ಕೂ ಅವಕಾಶ ಉಳಿದೇ ಇತ್ತು.

ಗಣಕಯಂತ್ರವು ರಾಜ್ಯದ ರೈತರಿಗೆ ವ್ಯಾಪಕವಾಗಿ ಪರಿಚಯವಾದದ್ದು ದರದ ಮೂಲಕವಲ್ಲ, ಜಮೀನಿನ ದಾಖಲೆಯ ಮೂಲಕ. ಈ ಭಾಗದವರು ಉತಾರ ಎಂದು ಕರೆಯುವ ಪಹಣಿಯನ್ನು ಅದುವರೆಗೆ ತಲಾಟಿಯ ಕೈಬರಹದಲ್ಲೇ ಪಡೆಯಬೇಕಿತ್ತು. 2001ರ ಹೊತ್ತಿಗೆ ರಾಜ್ಯದಾದ್ಯಂತ ಹರಡಿದ ಭೂಮಿ ಯೋಜನೆಯು ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, ತಾಲ್ಲೂಕು ಕಚೇರಿಯ ಕೇಂದ್ರದಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗುವಂತೆ ಮಾಡಿತು. ಆ ಕೇಂದ್ರದ ವ್ಯವಸ್ಥೆಯಲ್ಲಿ ವಿನ್ಯಾಸದ ದೃಷ್ಟಿಯಿಂದ ಬಹಳ ಮಹತ್ವದ ಅಂಶವೊಂದಿತ್ತು: ಸಿಬ್ಬಂದಿಯ ಪರದೆಯ ಜೊತೆಗೆ ಅರ್ಜಿದಾರನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯನ್ನೂ ಇಡಲಾಗಿತ್ತು. ತನ್ನ ಹೆಸರು, ಸರ್ವೆ ನಂಬರು ಮತ್ತು ಕ್ಷೇತ್ರ ಸರಿಯಾಗಿವೆಯೇ ಎಂಬುದನ್ನು ಕೆಲಸ ನಡೆಯುತ್ತಿರುವಾಗಲೇ ನೋಡಿಕೊಳ್ಳುವ ಅವಕಾಶ ರೈತನಿಗೆ ಹೀಗೆ ದೊರೆಯಿತು. ತಾನು ಕೊಟ್ಟ ಮಾಹಿತಿಗೆ ಏನಾಯಿತು ಎಂಬುದನ್ನು ಬಳಕೆದಾರನಿಗೆ ಪ್ರತಿ ಹಂತದಲ್ಲೂ ತೋರಿಸಬೇಕೆಂಬ ತತ್ತ್ವವನ್ನು ಇದಕ್ಕಿಂತ ಸರಳವಾಗಿ ಜಾರಿಗೆ ತರುವುದು ಕಷ್ಟ.

ಜಾಲದಲ್ಲಿ ಕನ್ನಡ ನೆಲೆಗೊಂಡ ಬಗೆಯೂ ಈ ಇತಿಹಾಸದ ಭಾಗವೇ. ಯು. ಬಿ. ಪವನಜ ಅವರು 1996ರಲ್ಲಿ ಆರಂಭಿಸಿದ ವಿಶ್ವಕನ್ನಡವು ಕನ್ನಡದ ಮೊದಲ ಅಂತರಜಾಲ ಪತ್ರಿಕೆ ಎನಿಸಿತು. ಆ ಕಾಲದ ಕನ್ನಡ ಪುಟಗಳು ನಿರ್ದಿಷ್ಟ ಫಾಂಟನ್ನು, ಅಂದರೆ ಅಕ್ಷರಗಳ ಆಕಾರವನ್ನು ಹೊತ್ತ ಕಡತವನ್ನು ಅವಲಂಬಿಸಿದ್ದವು. ಓದುವವನ ಗಣಕದಲ್ಲಿ ಅದು ಇಲ್ಲದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತಿದ್ದವು. ಜಗತ್ತಿನ ಎಲ್ಲ ಲಿಪಿಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ನೀಡುವ ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತಾದರೂ, ಸಾಮಾನ್ಯ ಬಳಕೆಯ ಗಣಕಗಳಲ್ಲಿ ಅದು ಕಾಣತೊಡಗಿದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ. ಆ ಬಳಿಕವೇ ಕನ್ನಡ ಪುಟವನ್ನು ಎಲ್ಲಿ ಬೇಕಾದರೂ ಓದುವುದೂ ಅದರೊಳಗೆ ಪದ ಹುಡುಕುವುದೂ ಸಾಧ್ಯವಾಯಿತು.

ಈ ಎರಡು ಧಾರೆಗಳೂ ಪೇಟೆಯಲ್ಲಿ ಒಂದಾದದ್ದು 2014ರ ನಂತರ. ಕರ್ನಾಟಕ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸಮಪಾಲಿನಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಸಂಸ್ಥೆಯು ಆ ವರ್ಷ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಕೇಂದ್ರ ಸರ್ಕಾರದ ಇ-ನಾಮ್ ಬಂದದ್ದು ಅದಾಗಿ ಎರಡು ವರ್ಷಗಳ ಮೇಲೆ, 2016ರ ಏಪ್ರಿಲ್ 14ರಂದು. ಈ ವ್ಯವಸ್ಥೆಯಲ್ಲಿ ಮಾಲು ಪ್ರಾಂಗಣದ ಬಾಗಿಲಿಗೆ ಬಂದಾಗಲೇ ಲಾಟ್ ಸಂಖ್ಯೆ ಪಡೆಯುತ್ತದೆ, ವರ್ತಕರು ಮಾಲನ್ನು ಕಣ್ಣಾರೆ ನೋಡಿ ನಿಗದಿತ ಸಮಯದೊಳಗೆ ತಮ್ಮ ದರವನ್ನು ಗಣಕದಲ್ಲಿ ದಾಖಲಿಸುತ್ತಾರೆ, ಅತಿ ಹೆಚ್ಚಿನ ದರವನ್ನು ಯಂತ್ರವೇ ಆರಿಸುತ್ತದೆ, ಫಲಿತಾಂಶ ರೈತನ ಮೊಬೈಲಿಗೆ ಸಂದೇಶವಾಗಿ ತಲುಪುತ್ತದೆ; ದರ ಒಪ್ಪಿಗೆಯಾಗದಿದ್ದರೆ ಮಾರಾಟವನ್ನು ನಿರಾಕರಿಸುವ ಹಕ್ಕು ರೈತನದಾಗಿರುತ್ತದೆ. ಒಂದು ಸಲಕ್ಕೆ ಒಂದೇ ಕೆಲಸ, ಅದಕ್ಕೆ ಸ್ಪಷ್ಟ ಉತ್ತರ, ಬೇಡವೆನ್ನಲು ದಾರಿ ಎಂಬ ಈ ಅನುಕ್ರಮವನ್ನು ಉತ್ತಮ ಜಾಲತಾಣವೂ ಪಾಲಿಸಬೇಕಾಗುತ್ತದೆ.

ಬ್ಯಾಡಗಿಯ ವಿಶೇಷ ಪರಿಸ್ಥಿತಿ ಇನ್ನೂ ಸೂಕ್ಷ್ಮವಾದ ಪಾಠವನ್ನು ಕಲಿಸುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ ಮತ್ತು ಕಡ್ಡಿ ಎಂಬ ಬಗೆಗಳಿದ್ದು, ಬಣ್ಣ, ಸುಕ್ಕು ಮತ್ತು ತೇವಾಂಶಕ್ಕೆ ತಕ್ಕಂತೆ ಒಂದೇ ದಿನದ ಕನಿಷ್ಠ ದರಕ್ಕೂ ಗರಿಷ್ಠ ದರಕ್ಕೂ ಹಲವು ಪಟ್ಟು ಅಂತರವಿರುತ್ತದೆ. ಕೃಷಿ ಮಾರಾಟ ವಾಹಿನಿ ಜಾಲತಾಣವು ಈ ಎರಡರ ಜೊತೆಗೆ ಮಾದರಿ ದರವನ್ನೂ, ಅಂದರೆ ಹೆಚ್ಚಿನ ಮಾಲು ಮಾರಾಟವಾದ ದರವನ್ನೂ ಪ್ರಕಟಿಸುತ್ತದೆ. ಗರಿಷ್ಠ ದರವನ್ನಷ್ಟೇ ದಪ್ಪಕ್ಷರದಲ್ಲಿ ತೋರಿಸುವ ಪುಟವು ಸುಳ್ಳು ಹೇಳದೆಯೂ ರೈತನನ್ನು ದಾರಿ ತಪ್ಪಿಸುತ್ತದೆ. ಮೂರೂ ದರಗಳನ್ನು ಬಗೆವಾರು ಅಕ್ಕಪಕ್ಕದಲ್ಲಿ, ಕ್ವಿಂಟಲಿನ ಲೆಕ್ಕದಲ್ಲಿ, ದಿನಾಂಕದೊಂದಿಗೆ ಕೊಡುವ ಪುಟ ಅವನಿಗೆ ನಿರ್ಧಾರದ ಶಕ್ತಿ ನೀಡುತ್ತದೆ. ಬಳ್ಳಾರಿ, ರಾಯಚೂರು ಮತ್ತು ಕರ್ನೂಲು ಕಡೆಯ ಬೆಳೆಗಾರರೂ ಈ ಪೇಟೆಗೆ ಮಾಲು ತರುವುದರಿಂದ ಕನ್ನಡದ ಜೊತೆಗೆ ತೆಲುಗಿನ ಆಯ್ಕೆಯೂ ಇಲ್ಲಿ ಅಗತ್ಯ. ಒತ್ತಕ್ಷರಗಳು ಕೆಳಗಿಳಿಯುವ ಕನ್ನಡ ಲಿಪಿಗೆ ಇಂಗ್ಲಿಷಿಗಿಂತ ಹೆಚ್ಚಿನ ಸಾಲಂತರವೂ ತುಸು ದೊಡ್ಡ ಅಕ್ಷರವೂ ಬೇಕು. ದುರ್ಬಲ ಸಂಪರ್ಕದಲ್ಲೂ ತೆರೆದುಕೊಳ್ಳುವಂತೆ ಪುಟ ಹಗುರವಾಗಿರಬೇಕು, ನಮೂನೆಯಲ್ಲಿ ಅಗತ್ಯವಿರುವಷ್ಟನ್ನೇ ಕೇಳಬೇಕು, ತಪ್ಪಾದಾಗ ಅದನ್ನು ಸರಿಪಡಿಸುವ ಬಗೆಯನ್ನು ತಿಳಿಗನ್ನಡದಲ್ಲಿ ಹೇಳಬೇಕು.

ಪರದೆಯ ಮಿತಿಯೂ ಇದೇ ಪೇಟೆಯಲ್ಲಿ ಪ್ರಕಟವಾಗಿದೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಒಮ್ಮೆಲೇ ಕುಸಿದಾಗ ಆಕ್ರೋಶ ಭುಗಿಲೆದ್ದು, ಮಾರುಕಟ್ಟೆ ಸಮಿತಿಯ ಕಚೇರಿ ಹಾನಿಗೊಳಗಾಯಿತು, ವಾಹನಗಳು ಬೆಂಕಿಗೆ ಆಹುತಿಯಾದವು. ದರ ಏಕೆ ಇಳಿಯಿತು ಎಂಬ ಪ್ರಶ್ನೆಗೆ ಅಂಕಿಯೊಂದೇ ಉತ್ತರವಾಗಲಾರದು. ಹಿಂದಿನ ವಾರಗಳ ದರ, ಆ ದಿನದ ಆವಕ, ಮಾಲಿನ ಗುಣಮಟ್ಟ ಮತ್ತು ದೂರು ಸ್ವೀಕರಿಸುವವರ ದೂರವಾಣಿ ಸಂಖ್ಯೆಗಳು ಅದರ ಜೊತೆಗೆ ನಿಲ್ಲಬೇಕು. ಜಾಲತಾಣದ ವಿನ್ಯಾಸವನ್ನು ಕಲಿಯುತ್ತಿರುವವರು ತಮ್ಮ ಪುಟವನ್ನು ಪರಿಣತರಿಗಿಂತ ಮೊದಲು ಇಂಥ ಪೇಟೆಗೆ ಬಂದ ರೈತನ ಕೈಗೆ ಕೊಟ್ಟು, ತನ್ನ ಲಾಟಿನ ದರವನ್ನು ಆತ ಯಾರನ್ನೂ ಕೇಳದೆ ಕಂಡುಕೊಳ್ಳುವನೇ, ಅದು ಬಂದ ಬಗೆಯನ್ನು ಅರಿಯುವನೇ, ಬೇಡವೆನ್ನುವ ದಾರಿಯನ್ನು ಗುರುತಿಸುವನೇ ಎಂದು ಪರೀಕ್ಷಿಸುವುದು ಅಗತ್ಯ. ಈ ಮೂರು ಪ್ರಶ್ನೆಗಳಿಗೂ ಹೌದೆಂಬ ಉತ್ತರ ಸಿಗುವವರೆಗೆ ವಿನ್ಯಾಸದ ಕೆಲಸ ಮುಗಿದಿಲ್ಲವೆಂದೇ ಭಾವಿಸಬೇಕು.