ಸಮಾಜಕ್ಕೆ ಉಪಯೋಗವಾಗುವ ಸ್ಟಾರ್ಟ್‌ಅಪ್‌ಗೆ ಬಂಡವಾಳ: ಯಾರು ಕೊಡ್ತಾರೆ, ಬದಲಿಗೆ ಏನು ಕೇಳ್ತಾರೆ?

ಬಳ್ಳಾರಿ: ಬ್ರೂಸ್‌ಪೇಟೆಯಲ್ಲಿ ಹೊಸದಾಗಿ ಅಂಗಡಿ ಇಡುವವರಿಗೆ ಹಣ ಬರುವ ದಾರಿಗಳು ಎಲ್ಲರಿಗೂ ಗೊತ್ತಿರುವಂಥವೇ. ಮನೆಯ ಬಂಗಾರ, ಚೀಟಿ, ಕೈಗಡ, ಮುದ್ರಾ ಸಾಲ, ಬ್ಯಾಂಕಿನ ಓಡಿ. ಚೀಟಿಯಿರಲಿ ಬ್ಯಾಂಕಿರಲಿ, ವ್ಯಾಪಾರ ನಡೆದರೂ ನಡೆಯದಿದ್ದರೂ ತಿಂಗಳಾದರೆ ಕಂತು ಕಟ್ಟಲೇಬೇಕು. ವೆಂಚರ್ ಕ್ಯಾಪಿಟಲ್ ಎನ್ನುವ ಹಣಕ್ಕೆ ಕಂತೂ ಇಲ್ಲ, ಬಡ್ಡಿಯೂ ಇಲ್ಲ. ಹಣ ಹಾಕಿದವರು ಕಂಪನಿಯಲ್ಲಿ ಪಾಲುದಾರರಾಗ್ತಾರೆ. ಕಂಪನಿ ಮುಳುಗಿದರೆ ಅವರ ಹಣವೂ ಮುಳುಗುತ್ತೆ. ಬೆಳೆದರೆ ಆ ಪಾಲನ್ನು ಹೆಚ್ಚಿನ ಬೆಲೆಗೆ ಮಾರಿ ಹೊರಡ್ತಾರೆ.

ಇದರಲ್ಲೇ ಒಂದು ಬಗೆ, ಆರಂಭದ ಹಂತದಲ್ಲಿರುವ ಮತ್ತು ಸಮಾಜಕ್ಕೆ ಉಪಯೋಗವಾಗುವ ಕಂಪನಿಗಳಿಗೆ ಮಾತ್ರ ಹಣ ಹಾಕುವ ಸಂಸ್ಥೆಗಳದ್ದು. ಆರೋಗ್ಯ, ಶಿಕ್ಷಣ, ಕೃಷಿ, ಕುಡಿಯುವ ನೀರು, ಸೌರಶಕ್ತಿ ಇವರ ಮೆಚ್ಚಿನ ಕ್ಷೇತ್ರಗಳು. ಲಾಭವೂ ಬೇಕು, ಬಡವರಿಗೆ ಅನುಕೂಲವೂ ಆಗ್ಬೇಕು ಅನ್ನೋದು ಇವರ ವಾದ. ‘ಇಂಪ್ಯಾಕ್ಟ್ ಇನ್ವೆಸ್ಟಿಂಗ್’ ಎಂಬ ಹೆಸರು ಬಳಕೆಗೆ ಬಂದದ್ದು 2007ರಲ್ಲಿ, ಇಟಲಿಯ ಬೆಲಾಜಿಯೊದಲ್ಲಿ ರಾಕ್‌ಫೆಲ್ಲರ್ ಫೌಂಡೇಷನ್ ನಡೆಸಿದ ಸಭೆಯಿಂದ. ಕೆಲಸ ಅದಕ್ಕೂ ಮುಂಚೆಯೇ ಶುರುವಾಗಿತ್ತು. ಅಮೆರಿಕದಲ್ಲಿ ಜಾಕ್ವೆಲಿನ್ ನೊವೊಗ್ರಾಟ್ಜ್ ಅವರ ಅಕ್ಯುಮೆನ್, ಭಾರತದಲ್ಲಿ ವಿನೀತ್ ರೈ ಅವರ ಆವಿಷ್ಕಾರ್ ಎರಡೂ ಹುಟ್ಟಿದ್ದು 2001ರಲ್ಲಿ. ಬೆಂಗಳೂರಿನಲ್ಲಿ ಯೂನಿಟಸ್ ಸೀಡ್ ಫಂಡ್ 2012ರಿಂದ ಇದೇ ಕೆಲಸ ಹಿಡಿಯಿತು. ಮುಂದೆ ಅದು ಯೂನಿಟಸ್ ವೆಂಚರ್ಸ್ ಆಯಿತು.

ಹುಬ್ಬಳ್ಳಿಯಲ್ಲಿ ಶುರುವಾದ ಆಸ್ಪತ್ರೆ

ನಮ್ಮ ಭಾಗದವರಿಗೆ ಬೇಗ ಅರ್ಥವಾಗುವ ಉದಾಹರಣೆ ವಾತ್ಸಲ್ಯ ಆಸ್ಪತ್ರೆ. ಡಾ. ಅಶ್ವಿನ್ ನಾಯಕ್ ಮತ್ತು ಡಾ. ವೀರೇಂದ್ರ ಹಿರೇಮಠ ಸೇರಿ 2005ರಲ್ಲಿ ಹುಬ್ಬಳ್ಳಿಯಲ್ಲಿ ಮೊದಲ ಆಸ್ಪತ್ರೆ ತೆರೆದರು. ಲೆಕ್ಕಾಚಾರ ಸರಳ. ಜನ ಇರುವುದು ಸಣ್ಣ ಊರುಗಳಲ್ಲಿ, ಆಸ್ಪತ್ರೆಯ ಹಾಸಿಗೆಗಳಿರುವುದು ದೊಡ್ಡ ನಗರಗಳಲ್ಲಿ. ಹೆರಿಗೆಗೆ, ಅಪೆಂಡಿಕ್ಸ್‌ಗೆ, ಮಕ್ಕಳ ಜ್ವರಕ್ಕೆ ರಾತ್ರೋರಾತ್ರಿ ಬಾಡಿಗೆ ಕಾರು ಮಾಡಿಕೊಂಡು ಓಡುವ ಖರ್ಚು ಚಿಕಿತ್ಸೆಯ ಖರ್ಚಿಗಿಂತ ಕಡಿಮೆ ಏನಲ್ಲ. ಹಾಗಾಗಿ ಅಲಂಕಾರ, ದುಬಾರಿ ಯಂತ್ರ ಬಿಟ್ಟು ದಿನನಿತ್ಯ ಬೇಕಾಗುವ ಚಿಕಿತ್ಸೆಯನ್ನು ಜಿಲ್ಲಾ ಕೇಂದ್ರದಲ್ಲೇ ಕೊಡುವುದು ಅವರ ಯೋಜನೆ. ಆರಂಭದಲ್ಲಿ ಹಣ ಹಾಕಿದವರಲ್ಲಿ ಆವಿಷ್ಕಾರ್ ಒಂದು. ಗದಗ, ವಿಜಯಪುರ, ಮಂಡ್ಯ, ಆಂಧ್ರದ ನರಸನ್ನಪೇಟೆವರೆಗೆ ಆಸ್ಪತ್ರೆ ಹಬ್ಬಿತು. ಕಟ್ಟಡದ ಬಾಡಿಗೆ, ಡಾಕ್ಟರ ಸಂಬಳ ಮೊದಲ ದಿನದಿಂದಲೇ ಶುರು; ರೋಗಿಗಳ ನಂಬಿಕೆ ಬರಲು ವರ್ಷ ಬೇಕು. ಈ ನಡುವಿನ ಕಂದಕವನ್ನು ತಿಂಗಳ ಕಂತಿನ ಸಾಲದಿಂದ ತುಂಬುವುದು ಕಷ್ಟ. ವೆಂಚರ್ ಹಣಕ್ಕೆ ಅರ್ಥ ಬರುವುದು ಇಂಥ ಕಡೆ.

ಸೆಲ್ಕೊ: ಅವಸರದ ಹಣ, ತಾಳ್ಮೆಯ ಹಣ

ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಕಟ್ಟಿದ ಸೆಲ್ಕೊ, ಕರೆಂಟಿಲ್ಲದ ಮನೆಗಳಿಗೆ ಸೌರ ದೀಪ ಮಾರಿತು. ದೀಪ ಮಾರಿದ್ದಕ್ಕಿಂತ ದೊಡ್ಡ ಕೆಲಸ, ಮಲಪ್ರಭಾ ಗ್ರಾಮೀಣ ಬ್ಯಾಂಕಿನಂಥ ಬ್ಯಾಂಕುಗಳನ್ನು ಒಪ್ಪಿಸಿ ದೀಪಕ್ಕೆ ಸಾಲ ಕೊಡಿಸಿದ್ದು. ಎಮ್ಮೆಗೆ, ಪಂಪ್‌ಸೆಟ್‌ಗೆ ಸಾಲ ಕೊಟ್ಟು ಗೊತ್ತಿದ್ದ ಮ್ಯಾನೇಜರ್‌ಗಳಿಗೆ ದೀಪಕ್ಕೂ ಸಾಲ ಕೊಡಬಹುದು ಅನ್ನೋದು ಹೊಸ ಮಾತಾಗಿತ್ತು. 2000ರ ದಶಕದ ಮಧ್ಯದಲ್ಲಿ ಜರ್ಮನಿಯಲ್ಲಿ ಬೇಡಿಕೆ ಏರಿ ಸೌರ ಫಲಕದ ಬೆಲೆ ಜಿಗಿಯಿತು, ಕಂಪನಿ ನಷ್ಟಕ್ಕೆ ಬಿತ್ತು. ಆಮೇಲೆ ಅದು ಬಂಡವಾಳದ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿಕೊಂಡು, ನಿಧಾನವಾದರೂ ಸರಿ ಎನ್ನುವ ಹೂಡಿಕೆದಾರರನ್ನು ಹುಡುಕಿಕೊಂಡಿತು. ಗುಡ್ ಎನರ್ಜೀಸ್, ಲೆಮೆಲ್ಸನ್ ಫೌಂಡೇಷನ್ ಹಾಗೆ ಬಂದವು. ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಿಕ್ಕಿತು. ಹಣ ಎಷ್ಟು ಬಂತು ಅನ್ನೋದಷ್ಟೇ ಅಲ್ಲ, ಯಾರಿಂದ ಬಂತು, ಅವರು ಎಷ್ಟು ವರ್ಷ ಕಾಯ್ತಾರೆ ಅನ್ನೋದೂ ಕೇಳಬೇಕಾದ ಪ್ರಶ್ನೆ.

ಪಾಲಿನ ಲೆಕ್ಕ

ಒಂದು ಲೆಕ್ಕ ಹಾಕಿ ನೋಡೋಣ. ಹೂಡಿಕೆದಾರರು ನಿಮ್ಮ ಕಂಪನಿಗೆ 2 ಕೋಟಿ ಬೆಲೆ ಕಟ್ಟಿ 50 ಲಕ್ಷ ಹಾಕಿದರು ಅಂದ್ಕೊಳ್ಳಿ. ಈಗ ಕಂಪನಿಯ ಬೆಲೆ 2.5 ಕೋಟಿ, ಅವರ ಪಾಲು 20 ಪರ್ಸೆಂಟ್, ನಿಮ್ಮದು 80. ಎರಡನೇ ಸುತ್ತಿನಲ್ಲಿ ಇನ್ನೊಬ್ಬರು ಬಂದು 25 ಪರ್ಸೆಂಟ್ ಪಡೆದರೆ ನಿಮ್ಮ 80 ಇಳಿದು 60 ಆಗುತ್ತೆ. ಮೂರನೇ ಸುತ್ತೂ ಹಾಗೇ ನಡೆದರೆ 45. ನೀವೇ ಹುಟ್ಟುಹಾಕಿದ ಕಂಪನಿಯಲ್ಲಿ ಅರ್ಧಕ್ಕಿಂತ ಕಡಿಮೆ ಮಾತು ನಿಮ್ಮದು.

ಇನ್ನೊಂದು ಷರತ್ತು ಕಾಗದದ ನಡುವೆ ಇರುತ್ತೆ, ಬಹಳ ಜನ ಓದುವುದೇ ಇಲ್ಲ. ಕಂಪನಿ ಮಾರಿದಾಗ ಹೂಡಿಕೆದಾರರ ಅಸಲು ಮೊದಲು ವಾಪಸ್ ಹೋಗ್ಬೇಕು ಅನ್ನೋದು ಅದು. ಮೊದಲ ಸುತ್ತಿನ ನಂತರವೇ ಕಂಪನಿ ಸೊರಗಿ 60 ಲಕ್ಷಕ್ಕೆ ಮಾರಾಟವಾಯ್ತು ಅಂದ್ರೆ, 80 ಪರ್ಸೆಂಟ್ ನನ್ನದು, 48 ಲಕ್ಷ ಬರುತ್ತೆ ಅಂತ ಮಾಲೀಕ ಲೆಕ್ಕ ಹಾಕಿರ್ತಾನೆ. ಆದರೆ ಅವರು ಮೊದಲು 50 ಲಕ್ಷ ತಗೊಂಡು ಹೋಗ್ತಾರೆ, ಉಳಿಯುವುದು 10 ಲಕ್ಷ. ಇದು ಮೋಸವಲ್ಲ, ಸಾಮಾನ್ಯವಾಗಿ ಇರುವ ಷರತ್ತೇ. ಸಹಿ ಹಾಕುವ ಮೊದಲು ಸಿಎ ಮತ್ತು ವಕೀಲರಿಗೆ ತೋರಿಸಲೇಬೇಕು. ಫಂಡ್‌ಗಳ ಆಯುಸ್ಸು ಸಾಮಾನ್ಯವಾಗಿ 10 ವರ್ಷದ ಆಸುಪಾಸು ಇರುತ್ತೆ. ಅಷ್ಟರೊಳಗೆ ಪಾಲು ಮಾರಿ ಹೊರಡಲೇಬೇಕಾದ ಒತ್ತಡ ಅವರಿಗೂ ಇದೆ. ಮಗನಿಗೆ, ಮೊಮ್ಮಗನಿಗೆ ಅಂಗಡಿ ಉಳಿಸಬೇಕು ಅನ್ನುವವರಿಗೆ ಈ ಹಣ ಹೊಂದುವುದಿಲ್ಲ.

ಇಲ್ಲಿಗೆ ಹೊಂದುತ್ತಾ?

ಕಿರಾಣಿ, ಬಟ್ಟೆ, ಪಾತ್ರೆ ಅಂಗಡಿಗೆ ಈ ಸಂಸ್ಥೆಗಳು ಬರುವುದಿಲ್ಲ. ಒಂದು ಅಂಗಡಿ ನೂರು ಊರಿಗೆ ಹಬ್ಬುವ ದಾರಿ ಕಾಣಬೇಕು ಅವರಿಗೆ. ಸಿರುಗುಪ್ಪದ ಅಕ್ಕಿ ಗಿರಣಿಗೂ ಬ್ಯಾಂಕ್ ಸಾಲವೇ ಸರಿ. ಸಣ್ಣ ಆಹಾರ ಸಂಸ್ಕರಣಾ ಘಟಕವಾದರೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ 35 ಪರ್ಸೆಂಟ್, ಗರಿಷ್ಠ 10 ಲಕ್ಷದವರೆಗೆ ಸಬ್ಸಿಡಿ ಇದೆ.

ಜೀನ್ಸ್ ವಿಷಯ ಬೇರೆ. ಹೊಲಿಗೆ ಘಟಕಕ್ಕೆ ವೆಂಚರ್ ಹಣ ಬರುವುದು ಕಷ್ಟ. ಆದರೆ ವಾಷಿಂಗ್ ಘಟಕಗಳ ಬಣ್ಣದ ನೀರು ಎಲ್ಲಿಗೆ ಹೋಗ್ಬೇಕು ಅನ್ನೋ ತಕರಾರು ಬಳ್ಳಾರಿಯಲ್ಲಿ ವರ್ಷಗಳಿಂದ ಇದೆ. ಮಾಲಿನ್ಯ ನಿಯಂತ್ರಣ ಮಂಡಳಿ ಘಟಕ ಮುಚ್ಚಿಸಿದಾಗ ಹೊಲಿಯುವವರಿಗೂ ಕೆಲಸ ನಿಲ್ಲುತ್ತೆ, ಗುಂಡಿ ಹಾಕುವವರಿಗೂ ನಿಲ್ಲುತ್ತೆ. ಸಣ್ಣ ಘಟಕಕ್ಕೆ ಕೈಗೆಟಕುವ ಬೆಲೆಯಲ್ಲಿ ಆ ನೀರನ್ನು ಶುದ್ಧ ಮಾಡಿ ಮತ್ತೆ ಬಳಸುವ ಯಂತ್ರ ಯಾರಾದರೂ ಮಾಡಿದರೆ, ಅದು ತಿರುಪ್ಪೂರಿಗೂ ಬೇಕು, ಸೂರತ್‌ಗೂ ಬೇಕು. ಹೂಡಿಕೆದಾರರು ಹುಡುಕುವುದು ಇಂಥದ್ದನ್ನೇ. ಮೆಣಸಿನಕಾಯಿಯೂ ಹಾಗೇ. ಈ ಭಾಗದ ರೈತರು ಚೀಲ ಹೇರಿಕೊಂಡು ಬ್ಯಾಡಗಿಗೆ ಹೋಗ್ತಾರೆ, ಅಲ್ಲಿ ಅಂದಿನ ಧಾರಣೆ ಏನಿದೆಯೋ ಅದೇ ಗತಿ. ದಾಸ್ತಾನು, ಗುಣಮಟ್ಟ ಪರೀಕ್ಷೆ, ನೇರ ಖರೀದಿ ಇವಕ್ಕೆ ಒಂದು ಹೊಸ ದಾರಿ ತೋರಿಸುವ ಕುರುಗೋಡಿನ ಹುಡುಗರಿಗೆ ಅವಕಾಶ ಇದೆ.

ಸಮಾಜಸೇವೆಯ ಹೆಸರಿಗೇ ಮರುಳಾಗಬೇಡಿ

ಮೈಕ್ರೋಫೈನಾನ್ಸ್ ಕೂಡ ಬಡವರ ಉದ್ಧಾರದ ಹೂಡಿಕೆ ಎಂದೇ ದೊಡ್ಡ ಫಂಡ್‌ಗಳ ಹಣ ತಂದಿತ್ತು. ಎಸ್‌ಕೆಎಸ್ ಕಂಪನಿ 2010ರ ಆಗಸ್ಟ್‌ನಲ್ಲಿ ಷೇರು ಮಾರುಕಟ್ಟೆಗೆ ಬಂತು. ಅದೇ ಅಕ್ಟೋಬರ್‌ನಲ್ಲಿ ಪಕ್ಕದ ಆಂಧ್ರ ಸರ್ಕಾರ ವಸೂಲಿ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತರಬೇಕಾಯ್ತು. ಕರ್ನಾಟಕವೂ 2025ರ ಫೆಬ್ರವರಿಯಲ್ಲಿ ಅಂಥದ್ದೇ ಸುಗ್ರೀವಾಜ್ಞೆ ತಂದಿತು. ಬೇಗ ಬೆಳೆಯಬೇಕು ಎನ್ನುವ ಒತ್ತಡ ಕೊನೆಗೆ ಯಾರ ಮನೆ ಬಾಗಿಲಿಗೆ ಬಂದು ನಿಲ್ಲುತ್ತೆ ಅನ್ನೋದು ಗಡಿಭಾಗದ ಜನರಿಗೆ ಹೇಳಿಕೊಡಬೇಕಿಲ್ಲ.

ಹಣ ಕೇಳುವ ಮುನ್ನ

ಇಂಥ ಫಂಡ್‌ಗಳು ಸೆಬಿಯ 2012ರ ಪರ್ಯಾಯ ಹೂಡಿಕೆ ನಿಧಿ ನಿಯಮದಡಿ ನೋಂದಣಿಯಾಗಿರಬೇಕು. ಹೆಸರು ಇದೆಯೋ ಇಲ್ಲವೋ ಸೆಬಿ ವೆಬ್‌ಸೈಟ್‌ನಲ್ಲೇ ನೋಡಬಹುದು. ಈ ಫಂಡ್‌ಗಳಿಗೆ ಹಣ ಹಾಕುವವರಿಗೆ ಸಾಮಾನ್ಯವಾಗಿ ಕನಿಷ್ಠ ಮಿತಿ 1 ಕೋಟಿ. ಹಾಗಾಗಿ ‘ಐವತ್ತು ಸಾವಿರ ಹಾಕಿ, ಸ್ಟಾರ್ಟ್‌ಅಪ್ ಫಂಡ್‌ನಲ್ಲಿ ದುಪ್ಪಟ್ಟು ಮಾಡಿಕೊಡ್ತೀವಿ’ ಅಂತ ಅಂಗಡಿಗೆ ಬರುವವರನ್ನು ನಂಬಬೇಡಿ.

ಏಕಮಾಲೀಕತ್ವದ ಅಂಗಡಿಗೆ ಸ್ಟಾರ್ಟ್‌ಅಪ್ ಮಾನ್ಯತೆ ಸಿಗುವುದಿಲ್ಲ. ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ ಅಥವಾ ನೋಂದಾಯಿತ ಪಾಲುದಾರಿಕೆ ಬೇಕು. ಪಾಲು ಕೊಡದೆ ಹಣ ಪಡೆಯುವ ದಾರಿಯನ್ನು ಮೊದಲು ನೋಡುವುದು ಒಳ್ಳೆಯದು. ರಾಜ್ಯ ಸರ್ಕಾರದ ಎಲಿವೇಟ್ ಸ್ಪರ್ಧೆಯಲ್ಲಿ ಗೆದ್ದವರಿಗೆ 50 ಲಕ್ಷದವರೆಗೆ ಅನುದಾನ ಇದೆ, ಸರ್ಕಾರ ಪಾಲು ಕೇಳುವುದಿಲ್ಲ. ಕೇಂದ್ರದ 2021ರ ಸೀಡ್ ಫಂಡ್ ಯೋಜನೆಯಲ್ಲಿ ಮಾದರಿ ತಯಾರಿಸಲು 20 ಲಕ್ಷದವರೆಗೆ ಅನುದಾನಕ್ಕೆ ಅವಕಾಶ ಮಾಡಲಾಗಿತ್ತು; ಅದು ಇನ್‌ಕ್ಯುಬೇಟರ್‌ಗಳ ಮೂಲಕ ಬರುತ್ತಿತ್ತು.

‘ವಿದೇಶಿ ಫಂಡ್ ಕೊಡಿಸ್ತೀವಿ, ಮೊದಲು ಪ್ರೊಸೆಸಿಂಗ್ ಫೀ ಕಟ್ಟಿ’ ಎಂಬ ಫೋನ್ ಬಂದರೆ ಕಟ್ ಮಾಡಿ. ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.